ಕಣಗಿಲೆ ಕಡ್ಡಿ ನೆಡುವ ಮುನ್ನ

ಮಳೆಗಾಲ ಬಂತೆಂದರೆ ನೆರೆಮನೆಯಿಂದ ಕಡ್ಡಿ ತಂದು ಗಿಡ ಮಾಡುವುದು ನಮ್ಮಲ್ಲಿ ರೂಢಿ. ದಾಸವಾಳದಂತೆ ಕಣಗಿಲೆಯೂ ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ. ಆದರೆ ಪೂಜೆಗೆ ಹೂ ಕೊಡುವ ಈ ಗಿಡದ ಎಲೆ, ಹೂವು, ಕಾಂಡ, ಬೇರು ಎಲ್ಲವೂ ವಿಷ ಎಂಬುದನ್ನು ಮರೆಯಬಾರದು. ಇದರಲ್ಲಿರುವ ಓಲಿಯಾಂಡ್ರಿನ್ ಎಂಬ ವಸ್ತು ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ.

ಹಲವರು ಕಡ್ಡಿಯನ್ನು ನೀರು ತುಂಬಿದ ಬಾಟಲಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಡುತ್ತಾರೆ. ವಿಷ ಆ ನೀರಿಗೂ ಇಳಿಯುತ್ತದೆ. ಬಾಯಾರಿದ ಮಗುವಿಗೆ ಅದು ಕುಡಿಯುವ ನೀರಿನಂತೆಯೇ ಕಾಣುತ್ತದೆ. ಅಲ್ಲದೆ ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಯೂ ಬೆಳೆಯುತ್ತದೆ.

ಆದ್ದರಿಂದ ಕುಂಡದಲ್ಲಿ ನೆಡುವುದೇ ಸರಿ. ಪೆನ್ಸಿಲ್ ದಪ್ಪದ, 6ರಿಂದ 8 ಅಂಗುಲ ಉದ್ದದ ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೆಮ್ಮಣ್ಣು ಸಮನಾಗಿ ಬೆರೆಸಿದ ಕುಂಡದಲ್ಲಿ 2 ಗಿಣ್ಣು ಮುಚ್ಚುವಂತೆ ಊರಿ. ನೆರಳಿನಲ್ಲಿಟ್ಟು ಮಣ್ಣು ಒಣಗದಂತೆ ನೋಡಿಕೊಂಡರೆ ಸುಮಾರು 4ರಿಂದ 6 ವಾರಗಳಲ್ಲಿ ಬೇರು ಬರುತ್ತದೆ.

ಕತ್ತರಿಸುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಸೊನೆ ಕಣ್ಣಿಗೆ ತಾಗದಿರಲಿ. ಬಳಿಕ ಕೈ, ಕತ್ತರಿಗಳನ್ನು ಸೋಪಿನಿಂದ ತೊಳೆಯಿರಿ. ಉಳಿದ ಕಡ್ಡಿಯನ್ನು ಒಲೆಗೆ ಹಾಕಬೇಡಿ, ದನಕರುಗಳ ಮುಂದೆ ಎಸೆಯಬೇಡಿ. ಒಣಗಿದರೂ ವಿಷ ಹೋಗುವುದಿಲ್ಲ.

ಮಗು ಎಲೆ ಅಗಿದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಕಾಣಿಸಬಹುದು. ಅದಕ್ಕಾಗಿ ಕಾಯದೆ, ಮನೆಮದ್ದು ಕೊಡದೆ, ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಿಡದ ಒಂದು ಎಲೆಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ವಿಷ ಯಾವುದೆಂದು ತಿಳಿಯುವುದು ಸುಲಭ.