ಲೆಕ್ಕಕ್ಕೆ ಸಿಗದ ಗಂಟೆಗಳ ಕೂಲಿ

ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕ ವರದಿಗಾರರಾಗಿ ದುಡಿದವರಿಗೆ ಸಂಭಾವನೆಯ ಲೆಕ್ಕ ಬಾಯಿಪಾಠ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು, ಕೆಲವು ಕಡೆ ತಿಂಗಳಿಗೊಂದು ಸಣ್ಣ ಗೌರವಧನ. ಅಚ್ಚಾಗದ್ದಕ್ಕೆ ಏನೂ ಇಲ್ಲ. ಘಟಪ್ರಭೆ ದಂಡೆಯ ಒಂದು ತಾಲ್ಲೂಕಿನಿಂದ ನಾನು ವರ್ಷಗಟ್ಟಲೆ ಹೀಗೆ ಸುದ್ದಿ ಕಳಿಸಿದ್ದೇನೆ. ಬೆಳಿಗ್ಗೆ ಖಾಸಗಿ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನದ ಮೇಲೆ ಪತ್ರಿಕೆ ಎಂಬುದು ಒಪ್ಪಂದ. ರಾತ್ರಿ, ಭಾನುವಾರ, ಹಬ್ಬ ಎಲ್ಲವೂ ಆ ‘ಮಧ್ಯಾಹ್ನದ ಮೇಲೆ’ಯೊಳಗೇ ಸೇರಿಹೋಗುತ್ತಿದ್ದವು. ಆ ಬದುಕು ಕಲಿಸಿದ ಮಾತು ಒಂದೇ: ಪತ್ರಿಕೆ ಹಣ ಕೊಡದ ಗಂಟೆಗೆ ಬೇರೆ ಯಾರಾದರೂ ಹಣ ಕೊಟ್ಟೇ ಇರುತ್ತಾರೆ. ಯಾರು ಕೊಡುತ್ತಾರೆ ಎಂಬುದರ ಮೇಲೆ ಓದುಗರಿಗೆ ಎಂಥ ಸುದ್ದಿ ಸಿಗುತ್ತದೆ ಎಂಬುದು ನಿಂತಿದೆ.

ನಮ್ಮ ಕೆಲಸದ ಬಹುಪಾಲು ಕಾಯುವುದು. ಕಬ್ಬಿನ ಬಾಕಿ ಬಿಲ್ಲಿಗಾಗಿ ರೈತರು ಕಾರ್ಖಾನೆ ಗೇಟಿನ ಮುಂದೆ ಧರಣಿ ಕೂತರೆ, ತಹಶೀಲ್ದಾರರು ಬರುವವರೆಗೆ, ಮಾತುಕತೆ ಮುಗಿಯುವವರೆಗೆ, ಪೊಲೀಸರು ಜನರನ್ನು ಚದುರಿಸುತ್ತಾರೋ ಇಲ್ಲವೋ ಗೊತ್ತಾಗುವವರೆಗೆ ಅಲ್ಲೇ ಇರಬೇಕು. ಅಪಘಾತವಾದರೆ ಆಸ್ಪತ್ರೆ, ಶವಾಗಾರ, ಠಾಣೆ. ಎಫ್‌ಐಆರ್ ಆದ ಮೇಲಷ್ಟೇ ಹೆಸರು, ವಯಸ್ಸು ಖಚಿತ. ಮನೆಗೆ ಬಂದು ಊಟಕ್ಕೆ ಕೂತಾಗ ಡೆಸ್ಕ್‌ನಿಂದ ಫೋನ್: ‘ಇನ್ನೊಂದು ಪ್ಯಾರಾ ಸೇರಿಸ್ರಿ, ಒಂದು ನಿಮಿಷದ ವಿಡಿಯೊನೂ ಹಾಕ್ರಿ.’ ಮರುದಿನ ಜಾಹೀರಾತು ಜಾಸ್ತಿಯಾಗಿ ಸುದ್ದಿ ನಾಲ್ಕು ಸಾಲಿಗೆ ಇಳಿದರೆ ಸಂಭಾವನೆಯೂ ನಾಲ್ಕು ಸಾಲಿನಷ್ಟೇ. ಪೆಟ್ರೋಲು, ಮೊಬೈಲ್ ಡೇಟಾ, ಇಡೀ ದಿನದ ದುಡಿಮೆ ಯಾವುದೂ ಬಿಲ್ಲಿನಲ್ಲಿ ಕಾಣುವುದಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಒಟ್ಟಿಗೆ ಉಕ್ಕಿದಾಗ ಈ ಕೊರತೆಯ ಆಳ ನನಗೆ ಪೂರ್ತಿ ತಿಳಿಯಿತು. ರಾತ್ರಿಯಿಡೀ ನದಿದಂಡೆಯ ಹಳ್ಳಿಗಳಿಂದ ಕರೆ. ‘ಅಣ್ಣಾರ, ಹಿಡಕಲ್ ಡ್ಯಾಮಿನಿಂದ ಎಷ್ಟ ನೀರ ಬಿಟ್ಟಾರ್ರಿ? ನಾವು ಮನಿ ಬಿಡಬೇಕೇನ್ರಿ?’ ಗೊತ್ತಿಲ್ಲ ಎನ್ನಲಾಗುವುದಿಲ್ಲ. ನೀರಾವರಿ ಇಲಾಖೆಗೆ ಫೋನ್ ಮಾಡಿ, ಕಂದಾಯ ಇಲಾಖೆಯವರಿಂದ ಖಚಿತಪಡಿಸಿಕೊಂಡು, ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ‘ಡ್ಯಾಮ್ ಒಡೆದಿದೆ’ ಎಂಬ ಸುಳ್ಳನ್ನು ಅಲ್ಲಗಳೆದು, ಕಾಳಜಿ ಕೇಂದ್ರ ಎಲ್ಲಿದೆ ಎಂದು ಒಬ್ಬೊಬ್ಬರಿಗೂ ಹೇಳಬೇಕಿತ್ತು. ನನ್ನ ಪತ್ರಕರ್ತ ಬದುಕಿನಲ್ಲಿ ಜನರಿಗೆ ಅತಿ ಹೆಚ್ಚು ಉಪಯೋಗವಾದ ಕೆಲಸ ಅದು. ಅದರಲ್ಲಿ ಅಚ್ಚಾದದ್ದು ಬಹಳ ಕಡಿಮೆ, ಆದ್ದರಿಂದ ಹಣ ಬಂದದ್ದೂ ಬಹಳ ಕಡಿಮೆ. ಬರೆದ ಅಕ್ಷರವನ್ನು ಮಾತ್ರ ಅಳೆಯುವ ಪದ್ಧತಿಗೆ ಪತ್ರಕರ್ತ ಊರಿಗೆ ಏಕೆ ಬೇಕು ಎಂಬುದೇ ಕಾಣುವುದಿಲ್ಲ ಎಂದು ಆಗ ಅನಿಸಿತು.

ಹಾಗಾದರೆ ಈ ಗಂಟೆಗಳಿಗೆ ಹಣ ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಕಾಲೇಜಿನ ಸಂಬಳದಿಂದ, ಹೆಂಡತಿಯ ಹೊಲಿಗೆ ಯಂತ್ರದಿಂದ ಬಂತು. ಬಹಳಷ್ಟು ಗೆಳೆಯರಿಗೆ ಬಂದದ್ದು ಜಾಹೀರಾತಿನ ಕಮಿಷನ್ನಿನಿಂದ. ಸ್ವಾತಂತ್ರ್ಯ ದಿನ, ದಸರಾ, ಶಾಸಕರ ಹುಟ್ಟುಹಬ್ಬ, ಜಾತ್ರೆಯ ಪುರವಣಿ ಎಂದು ವರ್ಷವಿಡೀ ಟಾರ್ಗೆಟ್ ಇರುತ್ತದೆ. ಸುದ್ದಿ ಬರೆಯುವವನೇ ಜಾಹೀರಾತು ಕೇಳಲು ಅದೇ ಬಾಗಿಲಿಗೆ ಹೋಗಬೇಕು. ಗೆಳೆಯನೊಬ್ಬ ಒಮ್ಮೆ ನನ್ನ ಮುಂದೆ ನೋವಿನಿಂದ ಹೇಳಿದ್ದ: ‘ಕಾರ್ಖಾನಿ ಜಾಹೀರಾತು ತಂದ ವಾರದಾಗ ಬಾಕಿ ಬಿಲ್ಲಿನ ಸುದ್ದಿ ಹೆಂಗ ಬರೀಲಿ ಹೇಳು?’ ಅವನು ಪ್ರಾಮಾಣಿಕ. ಅವನ ಪ್ರಾಮಾಣಿಕತೆಯನ್ನು ತಿಂಗಳು ತಿಂಗಳೂ ಪರೀಕ್ಷೆಗೆ ಒಡ್ಡುತ್ತಿದ್ದುದು ಆ ವ್ಯವಸ್ಥೆ. ನಷ್ಟವಾದದ್ದು ಬಿಲ್ಲಿಗಾಗಿ ಕಾದಿದ್ದ ರೈತನಿಗೆ.

ಕಾನೂನಿನಲ್ಲಿ ನಮಗೆ ಜಾಗವಿಲ್ಲವೇ ಎಂದು ಹುಡುಕಿದಾಗ ಸಿಕ್ಕ ಉತ್ತರ ಯೋಚನೆಗೆ ಹಚ್ಚಿತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಅರೆಕಾಲಿಕರನ್ನೂ ಪತ್ರಕರ್ತರೆಂದೇ ಒಪ್ಪಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಒಪ್ಪುತ್ತದೆ, ಡಿಜಿಟಲ್ ಮಾಧ್ಯಮವನ್ನೂ ಸೇರಿಸಿಕೊಂಡಿದೆ. ನಾಲ್ಕು ವಾರಕ್ಕೆ 144 ಗಂಟೆ ಎಂಬ ದುಡಿಮೆಯ ಮಿತಿ ಎರಡರಲ್ಲೂ ಇದೆ. ಆದರೆ ಎರಡರಲ್ಲೂ ಒಂದು ಷರತ್ತಿದೆ: ಪತ್ರಿಕಾವೃತ್ತಿ ಆ ವ್ಯಕ್ತಿಯ ಮುಖ್ಯ ಉದ್ಯೋಗವಾಗಿರಬೇಕು. ಪತ್ರಿಕೆ ಕೊಡುವ ಹಣದಲ್ಲಿ ಸಂಸಾರ ನಡೆಯದ ಕಾರಣ ನಾವು ಪಾಠ ಹೇಳುತ್ತೇವೆ, ಎಲ್‌ಐಸಿ ಏಜೆಂಟರಾಗುತ್ತೇವೆ, ಫೋಟೊ ಸ್ಟುಡಿಯೊ ಇಡುತ್ತೇವೆ. ಹಾಗೆ ಮಾಡಿದ ಕೂಡಲೇ ಪತ್ರಿಕೆ ನಮ್ಮ ಮುಖ್ಯ ಉದ್ಯೋಗವಲ್ಲ ಎಂದು ವಾದಿಸಲು ದಾರಿಯಾಗುತ್ತದೆ. ಕಡಿಮೆ ಕೂಲಿಯೇ ಹಕ್ಕಿನಿಂದ ಹೊರಗಿಡುವ ಕಾರಣವೂ ಆಗುತ್ತದೆ. ಹಳೆಯ ಕಾಯ್ದೆಯಡಿಯ 1957ರ ನಿಯಮಗಳಲ್ಲಿ ವರದಿಗಾರರು ವಾರಕ್ಕೆ 36 ಗಂಟೆ ಮೀರಿ ದುಡಿದರೆ ಮುಂದಿನ ವಾರ ಅಷ್ಟು ವಿಶ್ರಾಂತಿ ಕೊಡಬೇಕೆಂದಿತ್ತು. ಆದರೆ ಆ ಮಾತು ಪತ್ರಿಕೆ ಪ್ರಕಟವಾಗುವ ಊರಿನಲ್ಲಿರುವ ವರದಿಗಾರರಿಗೆ. ನಮ್ಮಂಥ ದೂರದ ತಾಲ್ಲೂಕಿನವರು ಅದರಾಚೆಗೇ ಉಳಿದೆವು.

ಪತ್ರಿಕಾ ನೌಕರರ ವೇತನ ನಿಗದಿಗೆಂದು ರಚಿಸಿದ್ದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳು 2011ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು. 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ಆ ತೀರ್ಪಿನ ದಿನಗಳಲ್ಲಿ ನಮ್ಮ ತಾಲ್ಲೂಕಿನ ಗೆಳೆಯರೆಲ್ಲ ಸೇರಿ ನಮಗೇನು ಸಿಗುತ್ತದೆ ಎಂದು ಚರ್ಚಿಸಿದೆವು. ಒಬ್ಬರ ಬಳಿಯೂ ನೇಮಕಾತಿ ಪತ್ರವಿರಲಿಲ್ಲ. ಇದ್ದದ್ದು ಗುರುತಿನ ಚೀಟಿ ಮಾತ್ರ, ಅದೂ ಕೆಲವರ ಬಳಿ. ಹಕ್ಕು ದೊಡ್ಡದಿದ್ದರೂ ಕೇಳಲು ಕೈಯಲ್ಲೊಂದು ಕಾಗದ ಬೇಕು.

ಅಂದಿನಿಂದ ನಾನು ಕಾಗದ ಮಾಡಿಕೊಳ್ಳತೊಡಗಿದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸ ಹೇಳಿದವರು, ಮನೆ ಬಿಟ್ಟ ಹೊತ್ತು, ತಿರುಗಿ ಬಂದ ಹೊತ್ತು, ಓಡಿಸಿದ ಕಿಲೊಮೀಟರ್, ಸುದ್ದಿ ಬಂತೇ ಇಲ್ಲವೇ ಎಂದು ಬರೆದೆ. ಫೋನಿನಲ್ಲಿ ಹೇಳಿದ ಕೆಲಸಕ್ಕೆ ‘ಸರಿ ಸರ್, ಹೊರಡುತ್ತಿದ್ದೇನೆ’ ಎಂದು ಮೆಸೇಜ್ ಕಳಿಸಿ ದಾಖಲೆ ಉಳಿಸಿದೆ. ಪ್ರವಾಹದ ನಂತರ ಸುತ್ತಲಿನ ತಾಲ್ಲೂಕುಗಳ ಗೆಳೆಯರೂ ತಮ್ಮ ಲೆಕ್ಕ ತಂದರು. ಎಲ್ಲರೂ ಸೇರಿ ಜಿಲ್ಲಾ ಬ್ಯೂರೊ ಮುಂದೆ ಇಟ್ಟೆವು. ಒಬ್ಬೊಬ್ಬರೇ ಕೇಳಿದಾಗ ‘ನೋಡೋಣ’ ಎನ್ನುತ್ತಿದ್ದವರು ಈ ಬಾರಿ ಕೂತು ಓದಿದರು. ಪೆಟ್ರೋಲ್ ಖರ್ಚು ಬೇರೆಯಾಗಿ ಬರತೊಡಗಿತು. ಪ್ರವಾಹ, ಚುನಾವಣೆಯಂಥ ದಿನಗಳಿಗೆ ದಿನಗೂಲಿಯ ದರ ನಿಗದಿಯಾಯಿತು. ಕಚೇರಿ ಹೇಳಿ ಕಳಿಸಿದ ಕೆಲಸದ ಸುದ್ದಿ ಅಚ್ಚಾಗದಿದ್ದರೂ ಹಣ ಕೊಡಲು ಒಪ್ಪಿದರು. ವಿಮೆ ಕೇಳಿದ್ದೆವು, ಸಿಗಲಿಲ್ಲ. ಅದು ಸಣ್ಣ ಬೇಡಿಕೆಯಲ್ಲ. 2025ರ ಜನವರಿಯಲ್ಲಿ ಛತ್ತೀಸಗಡದ ಬಿಜಾಪುರದಲ್ಲಿ ಕೊಲೆಯಾದ ಮುಕೇಶ್ ಚಂದ್ರಾಕರ್ ರಸ್ತೆ ಕಾಮಗಾರಿಯ ಅಕ್ರಮ ಬಯಲು ಮಾಡಿದ್ದ ಸ್ವತಂತ್ರ ಪತ್ರಕರ್ತ. ಅಪಾಯಕ್ಕೆ ಕಾಯಂ ನೌಕರ, ಅರೆಕಾಲಿಕ ಎಂಬ ಭೇದವಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವ ತಮ್ಮ ತಂಗಿಯರಿಗೆ ನಾನು ಹೇಳುವುದಿಷ್ಟು. ದರ ಎಷ್ಟು, ಯಾವಾಗ ಕೊಡುತ್ತಾರೆ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ಕೇಳಿ. ಕಾಯುವ ಹೊತ್ತೂ ದುಡಿಮೆಯೇ ಎಂದು ನೀವು ಮೊದಲು ನಂಬಿ, ಆಮೇಲೆ ಕೇಳಿ. ಸುದ್ದಿಯ ಹಣವನ್ನೂ ಜಾಹೀರಾತಿನ ಹಣವನ್ನೂ ಕೂಡಿಸಿ ಲೆಕ್ಕ ಹೇಳಿದರೆ ಒಪ್ಪಬೇಡಿ. ಪಕ್ಕದ ತಾಲ್ಲೂಕಿನವರ ದರ ತಿಳಿದುಕೊಳ್ಳಿ. ಒಬ್ಬರಿಗೊಬ್ಬರು ಮುಚ್ಚಿಟ್ಟ ದರವೇ ಎಲ್ಲರನ್ನೂ ಕೆಳಗಿಡುತ್ತದೆ. ಕಾರ್ಯನಿರತ ಪತ್ರಕರ್ತರ ಸಂಘದ ಸದಸ್ಯರಾಗಿ, ಅಲ್ಲಿ ಅರೆಕಾಲಿಕರ ಮಾತು ಎತ್ತಿ.

ಸಣ್ಣ ಪತ್ರಿಕೆಗಳ ಕಷ್ಟ ನನಗೆ ಗೊತ್ತು. ಕಾಗದದ ಬೆಲೆ, ಇಳಿಯುವ ಪ್ರಸಾರ ಎರಡೂ ನಿಜ. ಕೊಡಲು ಹಣ ಕಡಿಮೆಯಿದ್ದರೆ ಕೇಳುವ ಕೆಲಸವನ್ನೂ ಕಡಿಮೆ ಮಾಡಬೇಕು. ದಿನಕ್ಕೆ ಐದು ಸುದ್ದಿ ಕೇಳಿ ಎರಡಕ್ಕೆ ಹಣ ಕೊಡುವುದಕ್ಕಿಂತ ಎರಡೇ ಕೇಳಿ, ಎರಡಕ್ಕೂ ಪೂರ್ತಿ ಕೊಡುವುದು ನ್ಯಾಯ. ಆ ಎರಡು ಸುದ್ದಿ ಖಂಡಿತ ಇನ್ನೂ ಚೆನ್ನಾಗಿ ಬರುತ್ತವೆ.

1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಬಂದದ್ದನ್ನು ನೆನೆದು ನಾವು ಪ್ರತಿವರ್ಷ ಪತ್ರಿಕಾ ದಿನ ಆಚರಿಸುತ್ತೇವೆ. ತಾಲ್ಲೂಕು ತಾಲ್ಲೂಕುಗಳಲ್ಲಿ ಶಾಲು, ಹಾರ, ಭಾಷಣ ಆಗುತ್ತವೆ. ಆ ದಿನ ಪ್ರತಿ ಪತ್ರಿಕೆಯೂ ವಾಹಿನಿಯೂ ತನ್ನ ಅರೆಕಾಲಿಕ ವರದಿಗಾರರಿಗೆ ಯಾವ ಕೆಲಸಕ್ಕೆ ಎಷ್ಟು ಕೊಡುತ್ತದೆ ಎಂಬ ದರಪಟ್ಟಿಯನ್ನು ಪ್ರಕಟಿಸಲಿ. ತನ್ನ ಊರಿನ ಸುದ್ದಿಗೆ ಯಾರು ಹಣ ಕೊಡುತ್ತಿದ್ದಾರೆ ಎಂದು ತಿಳಿಯುವುದು ಓದುಗನ ಹಕ್ಕು.