ಕಾದಂಬರಿಯ ಮೊದಲ ಕರಡೂ ಕುಂದುವ ಉತ್ಸಾಹವೂ

ಕಾದಂಬರಿಯ ಮೊದಲ ಅಧ್ಯಾಯವನ್ನು ಬರೆದವರು ಬಹು ಮಂದಿ. ಕಡೆಯ ಅಧ್ಯಾಯವನ್ನು ಮುಟ್ಟಿದವರು ಕೆಲವರು. ಆರಂಭದ ದಿನಗಳಲ್ಲಿ ಲೇಖನಿ ತಾನಾಗಿಯೇ ಓಡುತ್ತದೆ. ಪಾತ್ರಗಳು ಕಣ್ಣೆದುರಿನಲ್ಲಿ ನಡೆದಾಡುತ್ತವೆ. ಅರುವತ್ತು ಎಪ್ಪತ್ತು ಪುಟಗಳಾಗುವ ಹೊತ್ತಿಗೆ ವೇಗ ತಗ್ಗುತ್ತದೆ. ನಿನ್ನೆ ಬರೆದದ್ದು ಇಂದು ಸಪ್ಪೆಯಾಗಿ ತೋರುತ್ತದೆ. ಒಂದು ದಿನದ ವಿರಾಮ ಒಂದು ವಾರವಾಗಿ, ವಾರ ತಿಂಗಳಾಗಿ, ಕೊನೆಗೆ ಹಸ್ತಪ್ರತಿ ಪೆಟ್ಟಿಗೆಯ ತಳವನ್ನು ಸೇರುತ್ತದೆ. ಆಗ ಬರೆಯುವವನು, ತನ್ನಲ್ಲಿ ಪ್ರತಿಭೆಯೇ ಇಲ್ಲವೆಂದು ನಿರ್ಣಯಿಸಿಕೊಳ್ಳುವುದು ಸಾಮಾನ್ಯ.

ಈ ನಿರ್ಣಯ ಅನೇಕ ವೇಳೆ ಅವಸರದ್ದು. ಉತ್ಸಾಹವೆಂಬುದು ದೀರ್ಘವಾದ ಯಾವ ಕೆಲಸದಲ್ಲಿಯೂ ಆದಿಯಿಂದ ಅಂತ್ಯದವರೆಗೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಅದರ ಏರಿಳಿತಕ್ಕೆ ತನ್ನದೇ ಆದ ಕ್ರಮವೊಂದುಂಟು. ಆ ಕ್ರಮವನ್ನು ಮನಶ್ಶಾಸ್ತ್ರಜ್ಞರು ಸುಮಾರು ಒಂದು ಶತಮಾನದಿಂದ ಪ್ರಯೋಗಗಳ ಮೂಲಕ ಪರಿಶೀಲಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ಕೆಲವು ಕಾದಂಬರಿ ಬರೆಯುವವರಿಗೆ ನೇರವಾಗಿ ಉಪಯುಕ್ತವಾದವು.

ನಡುದಾರಿಯ ಆಯಾಸ

ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ ೧೯೩೨ರಲ್ಲಿ ಒಂದು ಊಹೆಯನ್ನು ಮಂಡಿಸಿದನು: ಗುರಿ ಸಮೀಪಿಸಿದಂತೆಲ್ಲ ಪ್ರಾಣಿಯ ಪ್ರಯತ್ನ ತೀವ್ರವಾಗುತ್ತದೆ. ಉದ್ದವಾದ ಓಣಿಯ ತುದಿಯಲ್ಲಿ ಆಹಾರವನ್ನಿಟ್ಟು ಇಲಿಗಳನ್ನು ಬಿಟ್ಟು ನೋಡಿದಾಗ, ಅವು ಆಹಾರದ ಹತ್ತಿರ ಬಂದಂತೆ ಹೆಚ್ಚು ವೇಗವಾಗಿ ಓಡುವುದು ಕಂಡುಬಂದಿತು. ಮನುಷ್ಯರೂ ಇದಕ್ಕೆ ಹೊರತಲ್ಲ. ಹತ್ತು ಬಾರಿ ಕಾಫಿ ಕೊಂಡವರಿಗೆ ಮುಂದಿನದು ಬಿಟ್ಟಿ ಎಂಬ ಚೀಟಿಯನ್ನು ಪಡೆದ ಗಿರಾಕಿಗಳು, ಚೀಟಿ ತುಂಬುತ್ತ ಬಂದಂತೆ ಹೆಚ್ಚು ಬೇಗ ಬೇಗ ಕಾಫಿ ಕೊಳ್ಳತೊಡಗಿದರೆಂದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಆರಂಭದ ಹುರುಪು ಎಲ್ಲಿಂದ ಬರುತ್ತದೆ? ಇದಕ್ಕೆ ೨೦೧೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ಕೊಡುತ್ತದೆ. ಕೆಲಸದ ಮೊದಲ ಭಾಗದಲ್ಲಿ ಮನಸ್ಸು ತಾನು ಎಷ್ಟು ದೂರ ಬಂದೆನೆಂದು ಅಳೆಯುತ್ತದೆ. ಕಡೆಯ ಭಾಗದಲ್ಲಿ ಇನ್ನೆಷ್ಟು ಉಳಿಯಿತೆಂದು ಅಳೆಯುತ್ತದೆ. ಮುನ್ನೂರು ಪುಟಗಳ ಕಾದಂಬರಿಯೊಂದನ್ನು ತೆಗೆದುಕೊಳ್ಳೋಣ. ಹತ್ತು ಪುಟ ಬರೆದವನು ಇನ್ನು ಹತ್ತನ್ನು ಬರೆದರೆ ಅವನ ಗಳಿಕೆ ಇಮ್ಮಡಿಯಾಗುತ್ತದೆ. ಇಪ್ಪತ್ತೇ ಪುಟ ಉಳಿದಿರುವಾಗ ಹತ್ತನ್ನು ಬರೆದರೆ ಉಳಿದ ಹೊರೆ ಅರ್ಧವಾಗುತ್ತದೆ. ಆದರೆ ನೂರೈವತ್ತನೆಯ ಪುಟದಲ್ಲಿ ಬರೆದ ಹತ್ತು ಪುಟಗಳು ಯಾವ ಕಡೆಯಿಂದ ಅಳೆದರೂ ಹದಿನೈದರಲ್ಲಿ ಒಂದು ಪಾಲು ಮಾತ್ರ. ಶ್ರಮ ಒಂದೇ, ತೋರುವ ಫಲ ಮಾತ್ರ ಅತ್ಯಲ್ಪ. ನಡುದಾರಿಯಲ್ಲಿ ಮನಸ್ಸು ಬಾಡುವುದಕ್ಕೆ ಇದೇ ಒಂದು ಮುಖ್ಯ ಕಾರಣ. ಕಥೆ ಕೆಟ್ಟದ್ದೆಂಬುದಕ್ಕಾಗಲಿ ಬರೆಯುವವನು ಅಸಮರ್ಥನೆಂಬುದಕ್ಕಾಗಲಿ ಅದು ಸಾಕ್ಷ್ಯವಲ್ಲ.

ಹತ್ತಿರದ ಗುರಿ

ರೋಗದ ಕಾರಣ ತಿಳಿದರೆ ಮದ್ದು ದೂರವಿಲ್ಲ. ನಡುವೆಂಬುದೇ ಇಲ್ಲದಷ್ಟು ಚಿಕ್ಕದಾಗಿ ದಾರಿಯನ್ನು ತುಂಡುಮಾಡಬೇಕು. ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಎಂಬ ಮನಶ್ಶಾಸ್ತ್ರಜ್ಞರು ೧೯೮೧ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಗಮನಾರ್ಹವಾದುದು. ಲೆಕ್ಕದಲ್ಲಿ ಹಿಂದುಳಿದ, ಲೆಕ್ಕವೆಂದರೆ ಬೇಸರಪಡುತ್ತಿದ್ದ ಮಕ್ಕಳಿಗೆ ೪೨ ಪುಟಗಳ ವ್ಯವಕಲನದ ಪಾಠಗಳನ್ನು ಕೊಡಲಾಯಿತು. ಅವಧಿಗಳು ಒಟ್ಟು ಏಳು. ಒಂದು ಗುಂಪಿಗೆ ಪ್ರತಿ ಅವಧಿಯಲ್ಲಿ ಆರು ಪುಟ ಮುಗಿಸುವುದು ಗುರಿ. ಇನ್ನೊಂದಕ್ಕೆ ಏಳನೆಯ ಅವಧಿಯ ಕೊನೆಗೆ ೪೨ ಪುಟ ಮುಗಿಸುವುದು ಗುರಿ. ಗಣಿತದ ಪ್ರಕಾರ ಎರಡೂ ಒಂದೇ. ಆದರೆ ಹತ್ತಿರದ ಗುರಿಯಿದ್ದ ಮಕ್ಕಳು ಹೆಚ್ಚು ಕಲಿತರು. ತಮ್ಮ ಶಕ್ತಿಯಲ್ಲಿ ಅವರಿಗೆ ನಂಬಿಕೆ ಬೆಳೆಯಿತು. ಎಲ್ಲಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಲೆಕ್ಕ ಮಾಡುವುದರಲ್ಲಿ ಅವರಿಗೆ ಹೊಸದಾಗಿ ಆಸಕ್ತಿಯೇ ಹುಟ್ಟಿತು.

ಆಸಕ್ತಿಯಿದ್ದರೆ ಕೆಲಸ ಸಾಗುತ್ತದೆಯೆಂದು ನಾವೆಲ್ಲರೂ ನಂಬಿದ್ದೇವೆ. ಕೆಲಸ ಸಾಗಿದರೆ ಆಸಕ್ತಿ ಹುಟ್ಟುತ್ತದೆಯೆಂಬುದೂ ಅಷ್ಟೇ ನಿಜ. ಸ್ಫೂರ್ತಿ ಬರಲೆಂದು ಕಾದು ಕುಳಿತವನು ಕಾರ್ಯವನ್ನು ಕಾರಣದ ಮುಂದೆ ನಿಲ್ಲಿಸಿದಂತಾಗುತ್ತದೆ.

ಟ್ರಾಲಪನ ದಿನಚರಿ

ಈ ತತ್ತ್ವವನ್ನು ಪ್ರಯೋಗಶಾಲೆಗಳಿಗಿಂತ ಬಹಳ ಮೊದಲೇ ಆಚರಣೆಯಲ್ಲಿ ತಂದವನು ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ (೧೮೧೫–೧೮೮೨). ಅವನು ೧೮೬೭ರವರೆಗೂ ಅಂಚೆ ಇಲಾಖೆಯ ನೌಕರ. ಹಗಲಿನ ಹೊತ್ತು ಅವನದಲ್ಲ. ಆದ್ದರಿಂದ ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದನು. ತನ್ನನ್ನು ಎಬ್ಬಿಸುವ ಕೆಲಸಕ್ಕಾಗಿಯೇ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಮೊದಲು ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದು. ಅನಂತರ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ ೨೫೦ ಮಾತುಗಳಂತೆ ಬರೆಯುವುದು. ಇದು ಅವನ ಕ್ರಮ. ಪ್ರತಿಯೊಂದು ಕಾದಂಬರಿಗೂ ವಾರವಾರಕ್ಕೆ ಭಾಗಮಾಡಿದ ದಿನಚರಿಯೊಂದನ್ನಿಟ್ಟು, ದಿನದಿನವೂ ಬರೆದ ಪುಟಗಳ ಸಂಖ್ಯೆಯನ್ನು ಗುರುತು ಹಾಕುತ್ತಿದ್ದನು. ಸೋಮಾರಿತನ ಮಾಡಿದ ದಿನಗಳೂ ಅಲ್ಲಿ ಅವನ ಕಣ್ಣಿಗೆ ಬೀಳುತ್ತಿದ್ದವು. ಸಾಧಾರಣವಾಗಿ ವಾರಕ್ಕೆ ೪೦ ಪುಟ. ಒಮ್ಮೊಮ್ಮೆ ಅದು ೨೦ಕ್ಕೆ ಇಳಿದುದುಂಟು. ಪ್ರಯಾಣದಲ್ಲಿರುವಾಗ ರೈಲುಗಾಡಿಯಲ್ಲಿಯೇ ಸೀಸದ ಕಡ್ಡಿಯಿಂದ ಬರೆದು, ಅದನ್ನು ಹೆಂಡತಿಯಿಂದ ಪ್ರತಿ ಮಾಡಿಸುತ್ತಿದ್ದನು. ಹೀಗೆ ಅವನ ಕಾದಂಬರಿಗಳು ೪೭ ಆದವು.

ಅಮೆರಿಕದ ಅರ್ನೆಸ್ಟ್ ಹೆಮಿಂಗ್‌ವೇ ಕೂಡ ದಿನವೂ ಬರೆದ ಮಾತುಗಳನ್ನು ಎಣಿಸಿ, ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ಗುರುತು ಹಾಕುತ್ತಿದ್ದನು. ಬರೆಹ ಒಳ್ಳೆಯದೋ ಕೆಟ್ಟದೋ ಎಂಬುದು ಮೊದಲ ಕರಡಿನ ಹೊತ್ತಿನಲ್ಲಿ ತಿಳಿಯುವುದು ಕಷ್ಟ. ಎಷ್ಟು ಬರೆದೆವೆಂಬುದು ಸಂದೇಹವಿಲ್ಲದೆ ತಿಳಿಯುತ್ತದೆ. ನಡುದಾರಿಯಲ್ಲಿ ಮನಸ್ಸಿಗೆ ಬೇಕಾದ ಆಧಾರ ಅದೇ.

ಎಲ್ಲಿ ನಿಲ್ಲಿಸಬೇಕು?

ಹೆಮಿಂಗ್‌ವೇ ಮತ್ತೊಂದು ಸಲಹೆಯನ್ನೂ ಕೊಟ್ಟಿದ್ದಾನೆ: ಬರೆಹ ಚೆನ್ನಾಗಿ ಸಾಗುತ್ತಿರುವಾಗ, ಮುಂದೇನೆಂಬುದು ಇನ್ನೂ ತಿಳಿದಿರುವಾಗಲೇ ಆ ದಿನದ ಕೆಲಸವನ್ನು ನಿಲ್ಲಿಸಬೇಕು. ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ನನ ಶಿಷ್ಯೆ ಬ್ಲೂಮಾ ಜೈಗಾರ್ನಿಕ್, ಅರ್ಧದಲ್ಲಿ ತಡೆದ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಯೆಂದು ೧೯೨೭ರಲ್ಲಿ ವರದಿ ಮಾಡಿದಳು. ಮುಂದಿನ ಪ್ರಯೋಗಗಳೆಲ್ಲವೂ ಇದನ್ನು ಸಮರ್ಥಿಸಲಿಲ್ಲ. ಆದರೆ ಆಕೆಯ ಸಹಾಧ್ಯಾಯಿನಿ ಮಾರಿಯಾ ಓವ್ಸಿಯಾಂಕಿನ ೧೯೨೮ರಲ್ಲಿ ತೋರಿಸಿದ ಸಂಗತಿ ಹೆಚ್ಚು ಗಟ್ಟಿಯಾಗಿ ನಿಂತಿದೆ: ನಡುವೆ ತಡೆದ ಕೆಲಸವನ್ನು, ಯಾರೂ ಹೇಳದಿದ್ದರೂ, ಜನರು ತಾವಾಗಿಯೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಅಧ್ಯಾಯವನ್ನು ಪೂರ್ತಿ ಮುಗಿಸಿ ಎದ್ದವನಿಗೆ ಮರುದಿನ ಖಾಲಿ ಹಾಳೆ ಎದುರಾಗುತ್ತದೆ. ಸನ್ನಿವೇಶದ ನಡುವೆ ಎದ್ದವನನ್ನು ಆ ಸನ್ನಿವೇಶವೇ ಮರಳಿ ಕರೆಯುತ್ತದೆ.

ಹೊತ್ತು, ಸ್ಥಳ, ತಪ್ಪಿದ ದಿನ

ಬಿಡುವಾದಾಗ ಬರೆಯುತ್ತೇನೆಂಬ ಸಂಕಲ್ಪ ದುರ್ಬಲವಾದುದು. ಪೀಟರ್ ಗಾಲ್ವಿಟ್ಸರ್ ಮತ್ತು ವೆರೋನಿಕ ಬ್ರಾಂಡ್‌ಸ್ಟೆಟರ್ ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರಿಸ್‌ಮಸ್ ಹಬ್ಬದ ಹಿಂದಿನ ಸಂಜೆಯನ್ನು ಹೇಗೆ ಕಳೆದೆವೆಂಬುದನ್ನು ಎರಡು ದಿನಗಳೊಳಗೆ ಬರೆದು ಕಳುಹಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ಕುಳಿತು ಬರೆಯುವೆವೆಂದು ಮೊದಲೇ ನಿಶ್ಚಯಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬರೆದರು. ಹಾಗೆ ನಿಶ್ಚಯಿಸದವರಲ್ಲಿ ಬರೆದವರು ಮೂರನೆಯ ಒಂದು ಪಾಲು ಮಾತ್ರ.

ಹೊತ್ತುಗೊತ್ತು ಅಭ್ಯಾಸವಾಗುವುದಕ್ಕೆ ಕಾಲ ಬೇಕು. ಲಂಡನ್ನಿನಲ್ಲಿ ೯೬ ಮಂದಿಯನ್ನು ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹೊಸ ಅಭ್ಯಾಸವೊಂದು ನೆಲೆಗೊಳ್ಳಲು ಸಾಮಾನ್ಯವಾಗಿ ೬೬ ದಿನಗಳಷ್ಟು ಬೇಕಾದುವು. ವ್ಯಕ್ತಿವ್ಯಕ್ತಿಗೆ ಅದು ೧೮ರಿಂದ ೨೫೪ ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಜ್ವರ ಬಂದಿತು, ನೆಂಟರು ಬಂದರು, ಬರೆಹ ನಿಂತಿತು. ಅದರಿಂದ ವ್ರತಭಂಗವಾಯಿತೆಂದು ಕೈಚೆಲ್ಲಬೇಕಾಗಿಲ್ಲ. ಮರುದಿನ ಮತ್ತೆ ಕುಳಿತರೆ ಸಾಕು.

ಕರಡು ಕರಡೇ

ಮೊದಲ ಕರಡು ಓದುಗರಿಗಾಗಿ ಸಿದ್ಧವಾದ ಗ್ರಂಥವಲ್ಲವೆಂಬುದನ್ನೂ ಮರೆಯಬಾರದು. ಬಡಗಿ ಮೊದಲು ದಿಮ್ಮಿಯನ್ನು ಕೊಯ್ದು ಹಲಗೆ ಮಾಡಿಕೊಳ್ಳುತ್ತಾನೆ. ನುಣುಪು ಮಾಡುವುದು ಅನಂತರದ ಕೆಲಸ. ವಾಕ್ಯ ಕಟ್ಟುವುದು ಒಂದು ವ್ಯಾಪಾರ, ಅದರ ಗುಣದೋಷಗಳನ್ನು ತೂಗುವುದು ಇನ್ನೊಂದು. ನಮ್ಮ ಗಮನದ ಶಕ್ತಿ ಪರಿಮಿತವಾದುದರಿಂದ ಎರಡನ್ನೂ ಒಟ್ಟಿಗೆ ಹೊರಿಸಿದರೆ ಎರಡೂ ಕುಂಟುತ್ತವೆ.

ಇಷ್ಟನ್ನೂ ಒಂದು ಸಣ್ಣ ಲೆಕ್ಕದಲ್ಲಿ ಕೂಡಿಸಬಹುದು. ದಿನಕ್ಕೆ ೩೦೦ ಮಾತು ಬರೆಯುವವನು ೨೦೦ ದಿನಗಳಲ್ಲಿ ೬೦,೦೦೦ ಮಾತು ಬರೆದಿರುತ್ತಾನೆ. ಅದು ಸಾಕಷ್ಟು ದೊಡ್ಡ ಕಾದಂಬರಿಯೇ ಸರಿ. ವರ್ಷದಲ್ಲಿ ಇನ್ನೂ ೧೬೫ ದಿನಗಳು ಜ್ವರಕ್ಕೂ ನೆಂಟರಿಗೂ ಹಬ್ಬಗಳಿಗೂ ಮಿಗುತ್ತವೆ. ಪೆಟ್ಟಿಗೆಯ ತಳದಲ್ಲಿ ಅರ್ಧವಾಗಿ ಉಳಿದ ಹಸ್ತಪ್ರತಿ ಯಾರಲ್ಲಿಯಾದರೂ ಇದ್ದರೆ, ಅದನ್ನು ಹೊರತೆಗೆದು, ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ೩೦೦ ಮಾತುಗಳನ್ನು ಬರೆದು, ಹಾಳೆಯ ಅಂಚಿನಲ್ಲಿ ಆ ದಿನದ ತಾರೀಖನ್ನೂ ಸಂಖ್ಯೆಯನ್ನೂ ಗುರುತು ಹಾಕಬಹುದು. ಉತ್ಸಾಹ ಆ ಗುರುತುಗಳ ಹಿಂದೆಯೇ ಬರುತ್ತದೆ.