ಗಿಲಾವಿನ ಸಾಲ ಬಣ್ಣದಿಂದ ತೀರದು

ಕುಷ್ಟಗಿಯಲ್ಲಿ ನಾನು ಮನೆ ಕಟ್ಟಿಸಿದ್ದು ಏಪ್ರಿಲ್ ಬಿಸಿಲಿನಲ್ಲಿ. ಬೋರು ಸೊರಗಿತ್ತು. ಒಳಗಿನ ಗಿಲಾವಿಗೆ ಮೂರೇ ದಿನ ನೀರು ಹೊಡೆಸಿ ಕೈಬಿಟ್ಟೆ. ಎರಡು ಟ್ಯಾಂಕರಿನ 1,400 ರೂಪಾಯಿ ಉಳಿಯಿತೆಂದು ಹಿಗ್ಗಿದೆ. ಗೋಡೆಯಲ್ಲಿ ಏರುತಗ್ಗೂ ಇತ್ತು. ಗೌಂಡಿಗೆ ತೋರಿಸಿದರೆ, ‘ಪುಟ್ಟಿ ಹಚ್ಚಿದ್ರ ಎಲ್ಲಾ ಮುಚ್ಚಿ ಹೋಗತೈತ್ರಿ ಸರ’ ಎಂದ.

1,000 ಚದರ ಅಡಿ ಮನೆಗೆ ಒಳಗೋಡೆ, ಛತ್ತು ಸೇರಿ ಬಳಿಯುವ ಜಾಗ ಸುಮಾರು 3,500 ಚದರ ಅಡಿ. ಗೋಡೆ ಸಮನಾಗಿದ್ದರೆ ಎರಡು ಕೈ ಪುಟ್ಟಿಗೆ 40 ಕಿಲೋದ ಆರೇಳು ಚೀಲ ಸಾಕು. ನನಗೆ 12 ಹಿಡಿದವು. ಪುಟ್ಟಿ ಇರುವುದು ಒಂದೂವರೆ ಮಿಲಿಮೀಟರಿನ ತೆಳು ಪದರಕ್ಕೆ. ತಗ್ಗು ತುಂಬಲು ದಪ್ಪಗೆ ಮೆತ್ತಿದ ಕಡೆ ವರ್ಷದೊಳಗೆ ಹಕ್ಕಳೆ ಎದ್ದಿತು. ನೀರು ಕಾಣದ ಗಿಲಾವು ಬಲೆಯಂತೆ ಬಿರಿಯಿತು. ಎರಡು ಕೋಣೆ ಕೆರೆದು ಮತ್ತೆ ಬಳಿಸಲು 16,000 ರೂಪಾಯಿ ಹೋಯಿತು.

ಈಗ ಕೇಳಿದವರಿಗೆಲ್ಲ ಇಷ್ಟು ಹೇಳುತ್ತೇನೆ: ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು, 12 ಮಿಲಿಮೀಟರ್ ದಪ್ಪ. ಛತ್ತಿಗೆ ಒಂದಕ್ಕೆ ನಾಲ್ಕು, 6 ಮಿಲಿಮೀಟರ್. ಕನಿಷ್ಠ ಏಳು ದಿನ ನೀರು. ನಮ್ಮ ಬಿಸಿಲಿಗೆ ಹತ್ತು ದಿನವಾದರೆ ಒಳ್ಳೆಯದು. ಆಮೇಲೆ ತಿಂಗಳಾದರೂ ಗೋಡೆ ಒಣಗಲಿ.

ಊರು ನೋಡಿಯೂ ಲೆಕ್ಕ ಹಾಕಬೇಕು. ಗಂಗಾವತಿಯ ಕಾಲುವೆ ಸೀಮೆಯಲ್ಲಿ ತೇವ, ಸವುಳು ಹೆಚ್ಚು. ಬುಡದಿಂದ ಉಪ್ಪು ಏರುವ ಗೋಡೆಗೆ ದುಬಾರಿ ಬಣ್ಣ ಬಳಿದರೆ ಅದೂ ಗುಳ್ಳೆ ಏಳುತ್ತದೆ. ಅಲ್ಲಿ ದುಡ್ಡು ಪಾಯದ ತೇವ ತಡೆಗೆ ಹೋಗಲಿ. ಯಲಬುರ್ಗಾದ ಎರೆನೆಲದಲ್ಲಿ ಪಾಯ ಅಲುಗಿ ಬಂದ ಬಿರುಕನ್ನು ಯಾವ ಬಣ್ಣವೂ ಮುಚ್ಚದು. ಕೊಪ್ಪಳ, ಗಿಣಿಗೇರಾ ಕಡೆ ಕಾರ್ಖಾನೆಗಳ ಕರಿಧೂಳಿಗೆ ಒರೆಸಲು ಬರುವ ಎಮಲ್ಷನ್‌ಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಉಳಿದ ಕಡೆ ಪಡಸಾಲೆ, ಅಡುಗೆಮನೆಗೆ ಮಾತ್ರ ಅದು ಸಾಕು. ಛತ್ತಿಗೆ, ಸಾಮಾನು ಕೋಣೆಗೆ ಅಗ್ಗದ್ದೇ ಇರಲಿ.

ಬಣ್ಣ ಐದಾರು ವರ್ಷಕ್ಕೊಮ್ಮೆ ಬದಲಿಸಬಹುದು, ಗಿಲಾವು ಹಾಗಲ್ಲ. ಗೌಂಡಿಗೆ ಕೊನೆಯ ಕಂತು ಕೊಡುವ ಮೊದಲು ಆರಡಿ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಹಚ್ಚಿ ಸಂದು ನೋಡಿ, ಬೆರಳಿನಿಂದ ತಟ್ಟಿ ಟೊಳ್ಳು ಕೇಳಿ, ರಾತ್ರಿ ಬ್ಯಾಟರಿಯನ್ನು ಗೋಡೆಗೆ ಒತ್ತಾಗಿ ಅಡ್ಡ ಹಿಡಿದು ಏರುತಗ್ಗು ಹುಡುಕಿ. ಸರಿಪಡಿಸಿದ ಮೇಲೆಯೇ ಹಣ ಎಣಿಸಿ.